‘ಗ್ಯಾಟಕಾ’ ಸಿನಿಮಾ ತೋರಿಸಿ ಚರ್ಚೆ ಮಾಡಿಸುವುದು ಹೇಗೆ: ಕಾಲೇಜಿನ ವಿಜ್ಞಾನ ಸಂಘ ನಡೆಸುವವರಿಗೆ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಕಾಲೇಜುಗಳಲ್ಲಿ ವಂಶವಾಹಿಯ ಪಾಠ ಮೆಂಡೆಲ್ಲನ ಬಟಾಣಿಯಿಂದ ಶುರುವಾಗಿ ಬಿಟಿ ಹತ್ತಿಗೆ ಬಂದು ನಿಲ್ಲುತ್ತದೆ. ಮನುಷ್ಯನ ವಂಶವಾಹಿಯನ್ನು ಓದಿ, ಆ ಓದಿನ ಮೇಲೆ ಅವನಿಗೆ ನೌಕರಿ ಕೊಡುವುದೋ ಬಿಡುವುದೋ ಎಂದು ತೀರ್ಮಾನಿಸಿದರೆ ಏನಾಗುತ್ತದೆ ಎಂಬುದು ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ. ಆ ಪ್ರಶ್ನೆಯನ್ನು ಎರಡು ಮಧ್ಯಾಹ್ನಗಳಲ್ಲಿ ಹುಡುಗರ ಮುಂದೆ ಇಡಲು 1997ರ ‘ಗ್ಯಾಟಕಾ’ದಷ್ಟು ಒದಗುವ ಸಿನಿಮಾ ಇನ್ನೊಂದಿಲ್ಲ. ಆಂಡ್ರ್ಯೂ ನಿಕೋಲ್ ಬರೆದು ನಿರ್ದೇಶಿಸಿದ ಮೊದಲ ಚಿತ್ರ ಇದು. ಅವಧಿ 106 ನಿಮಿಷ. ಹೆಸರನ್ನು ಡಿಎನ್‌ಎಯ ನಾಲ್ಕು ಅಕ್ಷರಗಳಾದ ಜಿ, ಎ, ಟಿ, ಸಿಗಳಿಂದಲೇ ಕಟ್ಟಿದ್ದಾರೆ.

ಕತೆ ಇಷ್ಟು. ಪ್ರಯೋಗಾಲಯದಲ್ಲಿ ಆರಿಸಿದ ಭ್ರೂಣದಿಂದ ಹುಟ್ಟಿದವರಿಗೆ ಮಾತ್ರ ಒಳ್ಳೆಯ ಕೆಲಸ ಸಿಗುವ ಕಾಲ. ಸಹಜವಾಗಿ ಹುಟ್ಟಿದ ವಿನ್ಸೆಂಟ್‌ಗೆ ಬಾಹ್ಯಾಕಾಶಕ್ಕೆ ಹೋಗುವ ಆಸೆ. ಅಪಘಾತದಿಂದ ಗಾಲಿಕುರ್ಚಿ ಹಿಡಿದ ಜೆರೋಮ್‌ನ ರಕ್ತ, ಮೂತ್ರ, ಕೂದಲನ್ನು ಎರವಲು ಪಡೆದು, ಅವನ ಹೆಸರಿನಲ್ಲಿಯೇ ಗ್ಯಾಟಕಾ ಸಂಸ್ಥೆಯೊಳಗೆ ಸೇರುತ್ತಾನೆ. ಉಡಾವಣೆಗೆ ಕೆಲವೇ ದಿನ ಇರುವಾಗ ಅಲ್ಲಿ ಕೊಲೆಯಾಗುತ್ತದೆ, ವಿನ್ಸೆಂಟ್‌ನ ಒಂದು ರೆಪ್ಪೆಗೂದಲು ಪೊಲೀಸರ ಕೈಗೆ ಸಿಗುತ್ತದೆ.

ಕಾರ್ಯಕ್ರಮ ನಡೆಸುವವರು ಒಂದು ಸಂಗತಿಯನ್ನು ಮೊದಲೇ ಗಟ್ಟಿಮಾಡಿಕೊಳ್ಳಬೇಕು, ಏಕೆಂದರೆ ಇಡೀ ಚರ್ಚೆ ಅದರ ಮೇಲೆ ನಿಂತಿದೆ. ಈ ಸಿನಿಮಾದಲ್ಲಿ ಜನರನ್ನು ಬೇರೆ ಮಾಡುವುದು ವಂಶವಾಹಿಯನ್ನು ತಿದ್ದುವ ಕತ್ತರಿಯಲ್ಲ, ಅದನ್ನು ಓದುವ ಯಂತ್ರ. ಬೆರಳಿನ ಒಂದು ಹನಿ ರಕ್ತ, ಪರದೆಯ ಮೇಲೊಂದು ಶೇಕಡಾವಾರು, ಅಷ್ಟರ ಮೇಲೆ ತೀರ್ಪು. ‘ತಂತ್ರಜ್ಞಾನ ವರವೋ ಶಾಪವೋ’ ಎಂಬ ಚರ್ಚಾಸ್ಪರ್ಧೆಯ ವಿಷಯಕ್ಕೆ ಇದು ಇಳಿದರೆ ಹೊತ್ತು ಹಾಳು. ‘ಒಂದು ಸಂಖ್ಯೆಯನ್ನು ನೋಡಿ ಮನುಷ್ಯನನ್ನು ಅಳೆಯುವುದು ಎಲ್ಲಿ ತಪ್ಪುತ್ತದೆ’ ಎಂಬ ದಾರಿಯಲ್ಲಿ ಹಿಡಿದಿಡಿ.

ಪರವಾನಗಿ, ಕರೆಂಟು, ತೆರೆ

ಶಿಕ್ಷಣ ಸಂಸ್ಥೆಯೊಳಗೆ ಸಿನಿಮಾ ತೋರಿಸಲು 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಂ ವಿನಾಯಿತಿ ಕೊಡುತ್ತದೆ. ಆದರೆ ಪ್ರೇಕ್ಷಕರು ಸಂಸ್ಥೆಯ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪಾಲಕರು ಮತ್ತು ಸಂಸ್ಥೆಯ ಕೆಲಸಕ್ಕೆ ಸಂಬಂಧಪಟ್ಟವರು ಮಾತ್ರ ಆಗಿರಬೇಕು. ಊರಿನ ರಂಗಮಂದಿರ ಹಿಡಿದು, ಕರಪತ್ರ ಹಂಚಿ, ಎಲ್ಲರನ್ನೂ ಕರೆದರೆ ಈ ವಿನಾಯಿತಿ ಸಿಗುವುದಿಲ್ಲ. ಕಾಲೇಜಿನ ಹಾಲ್‌ನಲ್ಲೇ ಮಾಡಿ, ಟಿಕೆಟ್ ಇಡಬೇಡಿ. ಖರೀದಿಸಿದ ಡಿವಿಡಿ ಇದ್ದರೆ ಉತ್ತಮ. ಒಟಿಟಿ ಚಂದಾ ಸಾಮಾನ್ಯವಾಗಿ ಮನೆಬಳಕೆಯ ಷರತ್ತಿನದು, ಅದರ ಮೇಲೆ ಇಂಟರ್ನೆಟ್ ಕೈಕೊಟ್ಟರೆ ಇನ್ನೂರು ಹುಡುಗರನ್ನು ಹಿಡಿದಿಡುವುದು ಕಷ್ಟ.

ಕರೆಂಟಿನ ಲೆಕ್ಕ ಹೀಗಿದೆ. ಪ್ರೊಜೆಕ್ಟರ್ ಸುಮಾರು 280 ವ್ಯಾಟ್, ಸ್ಪೀಕರ್ 60, ಲ್ಯಾಪ್‌ಟಾಪ್ 60, ಒಟ್ಟು 400. ಇಡೀ ಸಿನಿಮಾಕ್ಕೆ ಸುಮಾರು 700 ವ್ಯಾಟ್-ಅವರ್ ಬೇಕು. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ಇರುತ್ತದೆ. ಹಳೆಯ ಬ್ಯಾಟರಿ, ಇನ್ವರ್ಟರಿನ ನಷ್ಟ ಎರಡನ್ನೂ ಕಳೆದು ಅರ್ಧವೇ ಕೈಗೆ ಸಿಗುತ್ತದೆಂದು ಹಿಡಿಯಿರಿ. ಆಗಲೂ ಎರಡು ಗಂಟೆ ನಡೆಯುತ್ತದೆ, ಆದರೆ ಅದೇ ಇನ್ವರ್ಟರಿಗೆ ಫ್ಯಾನುಗಳನ್ನು ಜೋಡಿಸಿದ್ದರೆ ನಡೆಯುವುದಿಲ್ಲ. ಲ್ಯಾಂಪ್ ಇರುವ ಪ್ರೊಜೆಕ್ಟರಿಗೆ ಕರೆಂಟ್ ಫಕ್ಕನೆ ಹೋದರೆ ತಂಪು ಮಾಡುವ ಫ್ಯಾನೂ ನಿಲ್ಲುತ್ತದೆ. ಕಾದ ಲ್ಯಾಂಪನ್ನು ಕೂಡಲೇ ಮತ್ತೆ ಹಚ್ಚಲು ಹೋಗಬೇಡಿ, ಐದು ನಿಮಿಷ ಬಿಡಿ. ಪ್ರೊಜೆಕ್ಟರನ್ನು ಮೊದಲಿನಿಂದಲೇ ಇನ್ವರ್ಟರಿನ ಲೈನಿಗೆ ಹಾಕಿದರೆ ಈ ತೊಂದರೆ ಬರುವುದಿಲ್ಲ.

ಬೆಳಕಿನ ವಿಷಯ ಈ ಸಿನಿಮಾಕ್ಕೆ ಹೆಚ್ಚು ಮುಖ್ಯ. ಛಾಯಾಗ್ರಾಹಕ ಸ್ಲಾವೊಮಿರ್ ಇಜಿಯಾಕ್ ಫಿಲ್ಟರ್ ಹಾಕಿ ಇಡೀ ದೃಶ್ಯಗಳನ್ನು ಜೇನುಬಣ್ಣಕ್ಕೆ, ನೀಲಿಗೆ, ಹಸಿರಿಗೆ ತಿರುಗಿಸಿದ್ದಾನೆ. ಕಿಟಕಿಯಿಂದ ನಮ್ಮ ಕಡೆಯ ಬಿಸಿಲು ಒಳಗೆ ಬಂದರೆ ಅದೆಲ್ಲ ಮಬ್ಬು ಬೂದಿಯಾಗಿ ಕಾಣುತ್ತದೆ. ಕಪ್ಪು ಕಂಬಳಿಗಿಂತ ಒಳ್ಳೆಯ ಪರದೆ ಇಲ್ಲ, ಕಿಟಕಿಯ ಹೊರಗಿನಿಂದ ಹೊಚ್ಚಿದರೆ ಕಾವೂ ಒಳಗೆ ಬರುವುದಿಲ್ಲ. ಪ್ರೊಜೆಕ್ಟರಿನ ಬಣ್ಣದ ಆಯ್ಕೆಯಲ್ಲಿ ‘ಡೈನಾಮಿಕ್’ ಬಿಟ್ಟು ‘ಸಿನಿಮಾ’ ಇಡಿ, ಮೊದಲನೆಯದು ಹಳದಿಯನ್ನು ಬಿಳಿಚಿಸುತ್ತದೆ.

ಕನ್ನಡ ಸಬ್‌ಟೈಟಲ್

ಇದಕ್ಕೆ ಒಂದು ವಾರ ಕೊಡಿ. ಇಂಗ್ಲಿಷ್ ಮಾತನ್ನು ಹಿಡಿಯಲಾಗದೆ ಕುಳಿತ ಹುಡುಗ ಚಿತ್ರ ನೋಡಿರುತ್ತಾನೆ, ವಾದ ಕೇಳಿರುವುದಿಲ್ಲ. ಆಮೇಲೆ ಚರ್ಚೆಯಲ್ಲಿ ಅದೇ ಐದು ಜನ ಮಾತನಾಡುತ್ತಾರೆ. ಪೂರ್ತಿ ಅನುವಾದಕ್ಕೆ ಹೊತ್ತಿಲ್ಲದಿದ್ದರೆ ವಿನ್ಸೆಂಟ್‌ನ ಸ್ವಗತವನ್ನಾದರೂ ಮಾಡಿ. ಮೊದಲ ಭಾಗದ ವಿಷಯವೆಲ್ಲ ಅದರಲ್ಲೇ ಇದೆ. ಫೈಲನ್ನು ತರಗತಿಯೊಳಗೆ ಮಾತ್ರ ಬಳಸಿ, ಜಾಲದಲ್ಲಿ ಹಂಚಬೇಡಿ.

‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಸಬ್‌ಟೈಟಲ್ ಫೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತದೆ, ಏಕೆಂದರೆ ಅಲ್ಲಿ ಕನ್ನಡ ಇರುವುದು ಫಾಂಟಿನ ಚಿತ್ರದಲ್ಲಿ ಮಾತ್ರ. ಯುನಿಕೋಡಿನಲ್ಲೇ ಟೈಪ್ ಮಾಡಿ ಅಥವಾ ಪರಿವರ್ತಿಸಿ. ನೋಟ್‌ಪ್ಯಾಡಿನಲ್ಲಿ ಉಳಿಸುವಾಗ ‘ಯುಟಿಎಫ್-8’ ಆರಿಸದೆ ‘ಆನ್ಸಿ’ ಎಂದಿಟ್ಟರೆ ಎಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ವಿಎಲ್‌ಸಿ ಪ್ಲೇಯರಿನ ಮೂರನೆಯ ಆವೃತ್ತಿ ಅಥವಾ ನಂತರದ್ದು ಇರಲಿ, ಹಳೆಯದರಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಒಡೆಯುತ್ತವೆ. ಫಾಂಟಿಗೆ ‘ನೋಟೊ ಸ್ಯಾನ್ಸ್ ಕನ್ನಡ’ ಸಾಕು. ಪೆನ್‌ಡ್ರೈವನ್ನು ನೇರ ಟಿವಿಗೆ ಚುಚ್ಚಿದರೆ ಬಹಳ ಟಿವಿಗಳಲ್ಲಿ ಬರೀ ಚೌಕಗಳು ಬರುತ್ತವೆ, ಒಳಗೆ ಕನ್ನಡ ಫಾಂಟ್ ಇರುವುದಿಲ್ಲ.

ಇನ್ನು ಮಾತು ಮತ್ತು ಅಕ್ಷರ ಹೊಂದದಿರುವುದು. ಇದರಲ್ಲಿ ಎರಡು ಬಗೆ ಇದೆ. ಮೊದಲಿನಿಂದ ಕೊನೆಯವರೆಗೆ ಒಂದೇ ಅಂತರವಿದ್ದರೆ ವಿಎಲ್‌ಸಿಯಲ್ಲಿ ‘ಜಿ’ ಮತ್ತು ‘ಎಚ್’ ಕೀಲಿ ಒತ್ತಿ ಹಿಂದೆ ಮುಂದೆ ಸರಿಸಿದರೆ ಮುಗಿಯಿತು. ಆದರೆ ಶುರುವಿನಲ್ಲಿ ಸರಿಯಿದ್ದು ಬರಬರುತ್ತ ಅಂತರ ಹೆಚ್ಚುತ್ತ ಹೋದರೆ ಅದು ವೇಗದ ತೊಂದರೆ. ನಮ್ಮಲ್ಲಿ ಮಾರಾಟವಾದ, ‘ಪಾಲ್’ ಎಂಬ ಟಿವಿ ಮಾದರಿಯ ಡಿವಿಡಿಗಳು ಸೆಕೆಂಡಿಗೆ 25 ಚಿತ್ರ ಓಡಿಸುತ್ತವೆ, ಸಿನಿಮಾ ಇರುವುದು 24ರಲ್ಲಿ. ಶೇಕಡಾ 4ರಷ್ಟು ಬೇಗ ಓಡಿ 106 ನಿಮಿಷ ಸುಮಾರು 102 ಆಗುತ್ತದೆ, ಒಂದು ಗಂಟೆಯ ಹೊತ್ತಿಗೆ ಎರಡು ನಿಮಿಷಕ್ಕೂ ಹೆಚ್ಚು ವ್ಯತ್ಯಾಸ. ಕೀಲಿ ಒತ್ತಿ ಇದನ್ನು ಸರಿಮಾಡಲಾಗದು. ‘ಸಬ್‌ಟೈಟಲ್ ಎಡಿಟ್’ ತಂತ್ರಾಂಶದಲ್ಲಿ ಚೌಕಟ್ಟಿನ ವೇಗವನ್ನು 23.976ರಿಂದ (ಅಂದರೆ ಹೆಚ್ಚುಕಡಿಮೆ 24) 25ಕ್ಕೆ ಬದಲಿಸಿ. ಇದೇ ಕಾರಣಕ್ಕೆ ಈ ಬರಹದಲ್ಲಿ ದೃಶ್ಯಗಳಿಗೆ ನಿಮಿಷದ ಲೆಕ್ಕ ಕೊಟ್ಟಿಲ್ಲ. ನಿಮ್ಮ ಪ್ರತಿಯನ್ನು ಒಮ್ಮೆ ನೋಡಿ ನೀವೇ ಬರೆದುಕೊಳ್ಳಿ.

ಪದಗಳ ಆಯ್ಕೆಯಲ್ಲಿ ಬಹಳ ಎಚ್ಚರ ಬೇಕು. ಪ್ರಯೋಗಾಲಯದ ಮಕ್ಕಳನ್ನು ಸಿನಿಮಾದಲ್ಲಿ ‘ವ್ಯಾಲಿಡ್’ ಎನ್ನುತ್ತಾರೆ, ಉಳಿದವರನ್ನು ‘ಇನ್‌ವ್ಯಾಲಿಡ್’. ಇದಕ್ಕೆ ಸಿಂಧು, ಅಸಿಂಧು ಎಂಬ ಪದಗಳು ಸರಿಯಾಗಿ ಕೂಡುತ್ತವೆ. ಮತ ಎಣಿಕೆಯ ದಿನ ‘ಅಸಿಂಧು ಮತ’ ಎಂದು ಕೇಳಿದವರಿಗೆ ಮನುಷ್ಯನನ್ನೇ ಲೆಕ್ಕದಿಂದ ತೆಗೆದುಹಾಕಿದ್ದು ತಟ್ಟನೆ ಹೊಳೆಯುತ್ತದೆ. ಆದರೆ ಇಂಗ್ಲಿಷ್ ಪದಕ್ಕೆ ರೋಗಿ, ಅಂಗವಿಕಲ ಎಂಬ ಅರ್ಥವೂ ಇದೆ, ಅದು ಕನ್ನಡದಲ್ಲಿ ಉಳಿಯುವುದಿಲ್ಲ. ಸಿನಿಮಾ ಶುರುವಾಗುವ ಮುಂಚೆ ಬಾಯಿಮಾತಿನಲ್ಲಿ ಹೇಳಿಬಿಡಿ. ‘ಡಿಜೆನೆರೇಟ್’ ಎಂಬ ಬೈಗುಳದೊಳಗೆ ‘ಜೀನ್’ ಪದ ಅಡಗಿಸಿದ್ದಾರೆ. ಅದಕ್ಕೆ ‘ಕುಲಗೇಡಿ’ ಎಂದು ಹಾಕುವ ಆಸೆ ಯಾರಿಗೂ ಆಗುತ್ತದೆ, ಹಾಕಬೇಡಿ. ಬೈಗುಳದ ಕಾವು ಬರುತ್ತದೆ, ಜೊತೆಗೆ ಸಿನಿಮಾದಲ್ಲಿ ಇಲ್ಲದ ಜಾತಿಯೂ ಬರುತ್ತದೆ. ಮತಿಗೇಡಿಯಂತೆ ‘ಜೀನುಗೇಡಿ’ ಎಂದು ಕಟ್ಟಿಕೊಂಡರೆ ಶ್ಲೇಷೆಯೂ ಉಳಿಯುತ್ತದೆ. ವಂಶವಾಹಿ ನೋಡಿ ಮಾಡುವ ಪಕ್ಷಪಾತಕ್ಕೆ ವರ್ಣಭೇದದ ಮಾದರಿಯಲ್ಲಿ ‘ಜೀನಭೇದ’ ಎನ್ನಬಹುದು. ‘ಕುಲಾಂತರಿ’ ಎಂಬ ನಮ್ಮ ಪಠ್ಯದ ಪದವನ್ನು ಇಲ್ಲಿ ತರಬೇಡಿ. ಅದು ಒಂದು ಜೀವಿಯ ಜೀನನ್ನು ಇನ್ನೊಂದಕ್ಕೆ ಸೇರಿಸುವುದಕ್ಕೆ ಮೀಸಲು, ಬಿಟಿ ಹತ್ತಿಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾದ ಜೀನು ಸೇರಿಸಿದ ಹಾಗೆ. ಈ ಸಿನಿಮಾದ ವೈದ್ಯ ಹೊರಗಿನ ಜೀನು ಸೇರಿಸಿದೆನೆಂದು ಹೇಳುವುದಿಲ್ಲ. ಹಲವು ಭ್ರೂಣಗಳಲ್ಲಿ ಆರಿಸುತ್ತಾನೆ, ಕೆಲವು ದೋಷಗಳನ್ನು ತೆಗೆದುಹಾಕಿದೆನೆನ್ನುತ್ತಾನೆ. ರೈತರ ಮಕ್ಕಳಿಗೆ ಮಾಲದಂಡಿ ಜೋಳದ ಉದಾಹರಣೆ ಕೊಟ್ಟರೆ ಒಂದೇ ಮಾತಿಗೆ ತಿಳಿಯುತ್ತದೆ: ಅದರ ಎಂ 35-1 ತಳಿ ಬಂದದ್ದು ಒಳ್ಳೆಯ ತೆನೆ ಆರಿಸಿ ಆರಿಸಿ, ಜೀನು ಕೂಡಿಸಿ ಅಲ್ಲ.

ಎಲ್ಲಿ ನಿಲ್ಲಿಸಬೇಕು

ಹತ್ತು ಕಡೆ ನಿಲ್ಲಿಸಿ ವಿವರಿಸುವ ಮಾಸ್ತರಿಕೆ ಬೇಡ, ಸಿನಿಮಾ ಸಾಯುತ್ತದೆ. ಎರಡು ದಿನ ಮಾಡಿ, ಒಂದೇ ಕಡೆ ಕಡಿಯಿರಿ: ವಿನ್ಸೆಂಟ್ ಗ್ಯಾಟಕಾಕ್ಕೆ ಸಂದರ್ಶನಕ್ಕೆ ಬಂದು, ಮೂತ್ರದ ಮಾದರಿ ಕೊಟ್ಟು, ಅದೇ ಸಂದರ್ಶನ, ಮುಗಿಯಿತು ಎಂದು ತಿಳಿಯುವ ಜಾಗ. ಒಂದು ಪ್ರಶ್ನೆಯನ್ನೂ ಯಾರೂ ಕೇಳುವುದಿಲ್ಲ. ನೌಕರಿಯ ಸಂದರ್ಶನಕ್ಕೆ ತಯಾರಾಗುತ್ತಿರುವ ಕೊನೆಯ ವರ್ಷದ ಹುಡುಗರು ಇದನ್ನು ಮನೆಗೆ ಹೊತ್ತು ಹೋಗಲಿ. ಪಿಯು ಮಕ್ಕಳಿಗೆ ತೋರಿಸುವುದಾದರೆ ನಾಯಕ ನಾಯಕಿಯ ರಾತ್ರಿಯ ಒಂದು ದೃಶ್ಯ ಮೊದಲೇ ಗುರುತಿಸಿ ದಾಟಿಸಿ.

ಮೊದಲ ದಿನದ ಚರ್ಚೆಗೆ ಹೆರಿಗೆಯ ದೃಶ್ಯ ಒಂದೇ ಸಾಕು. ಮಗು ಹುಟ್ಟಿ ಕೆಲವೇ ಸೆಕೆಂಡಿಗೆ ಹಿಮ್ಮಡಿ ಚುಚ್ಚಿ ರಕ್ತ ತೆಗೆಯುತ್ತಾರೆ. ದಾದಿ ಓದುತ್ತಾಳೆ: ನರದ ತೊಂದರೆ 60, ಮನೋವ್ಯಾಧಿ 42, ಗಮನದ ಕೊರತೆ 89, ಹೃದಯದ ತೊಂದರೆ 99. ಆಯುಷ್ಯ 30.2 ವರ್ಷ. ಅಪ್ಪ ಮಗುವಿಗೆ ತನ್ನ ಹೆಸರು ಆಂಟನ್ ಎಂದೇ ಇಡಬೇಕೆಂದಿದ್ದವನು, ಈ ಪಟ್ಟಿ ಕೇಳಿದ ಮೇಲೆ ವಿನ್ಸೆಂಟ್ ಎಂದು ಮುಂದೆ ಇಡುತ್ತಾನೆ. ತನ್ನ ಹೆಸರನ್ನು, ಭ್ರೂಣ ಆರಿಸಿ ಹಡೆದ ಎರಡನೆಯ ಮಗನಿಗೆ ಕೊಡುತ್ತಾನೆ. ಈ ಒಂದು ಕ್ಷಣವನ್ನು ಬಹಳ ಜನ ಗಮನಿಸುವುದಿಲ್ಲ. ಮತ್ತೆ ಹಾಕಿ ತೋರಿಸಿ.

ನಮ್ಮ ಕಡೆ ಹೆರಿಗೆಯಾದ ಐದನೆಯ ರಾತ್ರಿ ಸಟವಿ ಬಂದು ಹಣೆಬರಹ ಬರೆಯುತ್ತಾಳೆ ಎನ್ನುತ್ತಾರೆ. ಆ ನಂಬಿಕೆಯ ಜೊತೆ ಈ ದೃಶ್ಯವನ್ನು ಇಟ್ಟು, ವ್ಯತ್ಯಾಸ ಏನು ಎಂದು ಕೇಳಿ. ಹುಡುಗರು ತಾವಾಗಿಯೇ ಮುಟ್ಟುವ ಉತ್ತರ ಇದು: ಸಟವಿ ಬರೆದದ್ದನ್ನು ಯಾರೂ ಓದಲಾರರು, ದಾದಿ ಓದಿದ್ದನ್ನು ಇನ್ಶೂರೆನ್ಸ್ ಕಂಪನಿಯೂ ಓದುತ್ತದೆ. ಅದರ ಬೆನ್ನಿಗೇ ಶಿಶುವಿಹಾರದ ಬಾಗಿಲು ಮುಚ್ಚುವ ದೃಶ್ಯ ಬರುತ್ತದೆ, ಮಗು ಬಿದ್ದರೆ ವಿಮೆ ಸಿಗದು ಎಂಬ ಕಾರಣಕ್ಕೆ.

ಜೋಳದ ಕಾಳಿನ ಲೆಕ್ಕ

99 ಪ್ರತಿಶತ ಎಂದ ಕೂಡಲೇ ‘ಆಗೇ ಆಗತೈತಿ’ ಎಂದು ಕೇಳಿಸುತ್ತದೆ. ಸಂಖ್ಯೆಯ ಮುಂದೆ ಕೂತವರು ಮೊದಲು ಕೇಳಬೇಕಾದದ್ದು ಇದು ಯಾವ ಸಂಖ್ಯೆ ಎಂದು. ರೋಗ ಬರುವ ಸಾಧ್ಯತೆಯೋ, ಪರೀಕ್ಷೆ ಸರಿಯಿರುವ ಪ್ರಮಾಣವೋ? ಎರಡೂ ಬೇರೆ. ಸಿನಿಮಾ ಹೇಳುವುದು ಮೊದಲನೆಯದನ್ನು, ಅದನ್ನು ಹೇಗೆ ಲೆಕ್ಕಹಾಕಿದರೆಂದು ಎಲ್ಲೂ ಬಿಡಿಸುವುದಿಲ್ಲ. ನಿಜಜೀವನದಲ್ಲಿ ಜನ ಮೋಸಹೋಗುವುದು ಎರಡನೆಯದರಲ್ಲಿ, ಅದನ್ನು ಕೈಯಿಂದ ಮಾಡಿಸಿ ತೋರಿಸಬಹುದು.

ಹತ್ತು ಜನಕ್ಕೆ ತಲಾ ನೂರು ಜೋಳದ ಕಾಳು ಎಣಿಸಲು ಹೇಳಿ. ತೂಗಿ ಹಾಕುತ್ತೇವೆಂದರೆ ಬೇಡ: ನೂರು ಕಾಳು ಸುಮಾರು ಮೂರು ಗ್ರಾಂ, ಅಡುಗೆಮನೆಯ ತಕ್ಕಡಿ ಒಂದು ಗ್ರಾಂ ಹೆಚ್ಚುಕಮ್ಮಿ ತೋರಿಸಿದರೂ ಲೆಕ್ಕ ಮೂರರಲ್ಲಿ ಒಂದು ಪಾಲು ತಪ್ಪುತ್ತದೆ. ಸಾವಿರ ಕಾಳು ಪರಾತದಲ್ಲಿ ಸುರಿಯಿರಿ. ಸಾವಿರದಲ್ಲಿ ಒಬ್ಬರಿಗೆ ಬರುವ ರೋಗ ಎಂದಿಟ್ಟುಕೊಂಡು ಒಂದು ಜೋಳ ತೆಗೆದು ಒಂದು ಹೆಸರುಕಾಳು ಹಾಕಿ. ನೂರಕ್ಕೆ 99 ಸಲ ಸರಿಹೇಳುವ ಪರೀಕ್ಷೆ ಎಂದುಕೊಳ್ಳಿ. ಉಳಿದ 999 ಆರೋಗ್ಯವಂತರಲ್ಲಿ ಅದು ಸುಮಾರು 10 ಜನರನ್ನು ತಪ್ಪಾಗಿ ರೋಗಿ ಎನ್ನುತ್ತದೆ, ಆದ್ದರಿಂದ ಹತ್ತು ಜೋಳ ತೆಗೆದು ಹತ್ತು ತೊಗರಿಕಾಳು ಹಾಕಿ. ಈಗ ಪರೀಕ್ಷೆ ‘ರೋಗಿ’ ಎಂದ ಕಾಳುಗಳನ್ನೆಲ್ಲ ಆರಿಸಿ ಅಂಗೈಯಲ್ಲಿ ಇಡಿಸಿ. ಹನ್ನೊಂದು ಕಾಳು. ನಿಜವಾದದ್ದು ಒಂದು. ನೂರಕ್ಕೆ 99 ಸರಿ ಎಂಬ ಪರೀಕ್ಷೆಯಲ್ಲಿ ‘ರೋಗಿ’ ಎನಿಸಿಕೊಂಡವನು ನಿಜಕ್ಕೂ ರೋಗಿಯಾಗಿರುವ ಸಾಧ್ಯತೆ ನೂರಕ್ಕೆ ಒಂಬತ್ತು. ಅಂಗೈಯಲ್ಲಿ ಕಾಳು ಕಂಡ ಮೇಲೆ ಇದನ್ನು ಯಾರೂ ಮರೆಯುವುದಿಲ್ಲ.

ಇನ್ನೊಂದು ಲೆಕ್ಕ ಎರಡನೆಯ ದಿನಕ್ಕೆ. ತನ್ನ ಹೃದಯ ಹತ್ತು ಸಾವಿರ ಬಡಿತ ಹೆಚ್ಚೇ ಬಡಿದಿದೆ ಎಂದು ವಿನ್ಸೆಂಟ್ ಹೇಳುತ್ತಾನೆ. ಕೇಳಲು ದೊಡ್ಡ ಗೆಲುವು. ನಿಮಿಷಕ್ಕೆ 72ರಂತೆ ಭಾಗಿಸಿ ನೋಡಲು ಹೇಳಿ: 139 ನಿಮಿಷ. 30.2 ವರ್ಷಕ್ಕೆ ಸುಮಾರು 114 ಕೋಟಿ ಬಡಿತ, ಅದರ ಮುಂದೆ ಹತ್ತು ಸಾವಿರ ಏನೂ ಅಲ್ಲ. ಅಂದರೆ ಈ ಮಾತಿನಿಂದ ಭವಿಷ್ಯವಾಣಿ ಸುಳ್ಳಾಯಿತು ಎಂದು ಹೇಳಲು ಬರುವುದಿಲ್ಲ. ಓಟದ ಯಂತ್ರದ ಪರೀಕ್ಷೆಯಲ್ಲಿ ಜೆರೋಮ್‌ನ ಎದೆಬಡಿತದ ಧ್ವನಿಮುದ್ರಿಕೆ ಹಾಕಿಕೊಂಡು ಓಡಿದವನು ಒಳಗೆ ಹೋಗಿ ಉಸಿರಿಗೆ ಒದ್ದಾಡುವುದನ್ನು ಇದರ ಜೊತೆ ಸೇರಿಸಿ. ಅವನ ಎದೆ ನಿಜಕ್ಕೂ ಬಲಹೀನ. ಇಲ್ಲಿಂದ ಚರ್ಚೆಗೆ ಜೀವ ಬರುತ್ತದೆ, ಏಕೆಂದರೆ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದೇ ಬರುತ್ತದೆ: ‘ಸರ್ರ, ದಾರ್ಯಾಗ ಅಂವಂದು ಎದಿ ನಿಂತ್ರ ಉಳದವ್ರ ಗತಿ ಏನ್ರಿ?’

ಈ ಪ್ರಶ್ನೆಯನ್ನು ಹತ್ತಿಕ್ಕಬೇಡಿ. ನಾಯಕನ ಪರ ನಿಂತು ಕಣ್ಣೀರು ಒರೆಸಿಕೊಂಡವರನ್ನು ಯೋಚನೆಗೆ ಹಚ್ಚುವ ಪ್ರಶ್ನೆ ಇದು. ಬಸ್ ಡ್ರೈವರನಿಗೆ ಕಣ್ಣಿನ ಪರೀಕ್ಷೆ ಬೇಡವೇ? ಬೇಕು. ಹಾಗಾದರೆ ಗೆರೆ ಎಲ್ಲಿ ಎಳೆಯುವುದು? ಡ್ರೈವರನ ಕಣ್ಣನ್ನು ಇವತ್ತು ನೋಡುತ್ತೇವೆ, ಅವನು ಇವತ್ತು ಬೋರ್ಡ್ ಓದಬಲ್ಲನೇ ಎಂದು. ಗ್ಯಾಟಕಾ ನೋಡುವುದು ಹುಟ್ಟಿದ ದಿನದ ರಕ್ತವನ್ನು. ವಿನ್ಸೆಂಟ್‌ನನ್ನು ಯಾರೂ ಮೊದಲು ಓಡಿಸಿ ನೋಡಿ, ಆಮೇಲೆ ಬೇಡ ಎಂದಿದ್ದಲ್ಲ. ಕೆಲಸಕ್ಕೆ ಬೇಕಾದ ಸಾಮರ್ಥ್ಯ ಅಳೆಯುವುದು ಬೇರೆ, ಮುಂದೆ ಬರಬಹುದಾದ ರೋಗಕ್ಕೆ ಈಗಲೇ ಶಿಕ್ಷೆ ಕೊಡುವುದು ಬೇರೆ ಎಂಬಲ್ಲಿಗೆ ಬಂದರೆ ಚರ್ಚೆ ಗೆದ್ದಂತೆ. ಆದರೂ ಅವನು ಸುಳ್ಳು ಹೇಳಿ ಹೋದದ್ದು ಸರಿಯೇ ಎಂಬುದನ್ನು ತೀರ್ಪು ಕೊಡದೆ ಬಿಡಿ.

ಬಾಳೆಹಣ್ಣಿನ ಡಿಎನ್‌ಎ

ಎರಡು ದಿನಗಳ ನಡುವೆ ಅರ್ಧ ಗಂಟೆ ಸಿಕ್ಕರೆ ಮಾಡಿಸಿ. ಚೆನ್ನಾಗಿ ಮಾಗಿದ ಅರ್ಧ ಬಾಳೆಹಣ್ಣು, 100 ಮಿಲಿ ನೀರು, ಅರ್ಧ ಟೀ ಚಮಚ ಉಪ್ಪು, ಎರಡು ಟೀ ಚಮಚ ಪಾತ್ರೆ ತೊಳೆಯುವ ದ್ರವ. ಹಣ್ಣನ್ನು ನುಣ್ಣಗೆ ಕಿವುಚಿ, ಉಳಿದವನ್ನು ಕೂಡಿಸಿ, ನೊರೆ ಬರದಂತೆ ಮೆಲ್ಲಗೆ ತಿರುವಿ ಹತ್ತು ನಿಮಿಷ ಬಿಡಿ. ಸೋಪು ಜೀವಕೋಶದ ಪೊರೆ ಕರಗಿಸುತ್ತದೆ, ಉಪ್ಪು ಡಿಎನ್‌ಎಯ ಋಣ ಆವೇಶ ತಗ್ಗಿಸಿ ಎಳೆಗಳು ಒಂದಕ್ಕೊಂದು ಕೂಡಲು ಬಿಡುತ್ತದೆ. ಹಳೆಯ ಧೋತರದ ಬಟ್ಟೆಯಲ್ಲಿ ಸೋಸಿ. ಪ್ರನಾಳದಲ್ಲಿ 10 ಮಿಲಿ ತೆಗೆದುಕೊಂಡು, ಓರೆಯಾಗಿ ಹಿಡಿದು, ಗೋಡೆಗುಂಟ 10 ಮಿಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಇಳಿಬಿಡಿ. ಎರಡು ಪದರ ನಡುವೆ ಮೂರ್ನಾಲ್ಕು ನಿಮಿಷದಲ್ಲಿ ಬಿಳಿ ಎಳೆ ಏಳುತ್ತವೆ.

ಏಳದಿದ್ದರೆ ಕಾರಣ ಬಹುಮಟ್ಟಿಗೆ ಆಲ್ಕೊಹಾಲೇ. ಹಿಂದಿನ ರಾತ್ರಿ ಫ್ರೀಜರಿನಲ್ಲಿ ಇಟ್ಟಿರಬೇಕು, ಏಪ್ರಿಲ್‌ನ ವಿಜಯಪುರದಲ್ಲಿ ಹೊರಗಿಟ್ಟ ಬಾಟಲಿಯಿಂದ ನಿರೀಕ್ಷೆ ಬೇಡ. ಕೈಗೆ ಹಚ್ಚುವ ಸ್ಯಾನಿಟೈಸರ್ 70 ಪ್ರತಿಶತದ್ದು, ಅದರಲ್ಲಿನ ನೀರು ಎಳೆಗಳನ್ನು ಸರಿಯಾಗಿ ಗಟ್ಟಿಯಾಗಲು ಬಿಡುವುದಿಲ್ಲ, 90ಕ್ಕೂ ಮೇಲಿನದೇ ಬೇಕು. ಹತ್ತಿರ ಬೆಂಕಿ ಬೇಡ. ಕಾಣುವ ಬಿಳಿ ಮುದ್ದೆ ಶುದ್ಧ ಡಿಎನ್‌ಎ ಅಲ್ಲ, ಪೆಕ್ಟಿನ್ ಮತ್ತು ಪ್ರೋಟೀನೂ ಅದರಲ್ಲಿವೆ ಎಂದು ಹೇಳಿ. ಮುದ್ದೆಯನ್ನು ಕಡ್ಡಿಗೆ ಸುತ್ತಿ ಹಿಡಿದು, ಇದನ್ನು ನೋಡಿ ಈ ಹಣ್ಣು ಸಿಹಿಯೋ ಸಪ್ಪೆಯೋ ಹೇಳಿ ಎಂದರೆ ಓದುವುದು ಎಷ್ಟು ದೊಡ್ಡ ಕೆಲಸ ಎಂಬುದು ತಿಳಿಯುತ್ತದೆ. ಮನುಷ್ಯರ ರಕ್ತ, ಎಂಜಲು ಮಾತ್ರ ತರಗತಿಯಲ್ಲಿ ತೆಗೆಯಬೇಡಿ.

ಚರ್ಚೆ ಅಡ್ಡಹಾದಿ ಹಿಡಿಯುವ ಜಾಗಗಳು

ನಮ್ಮ ಭಾಗದಲ್ಲಿ ವಂಶವಾಹಿ ಎಂದ ಕೂಡಲೇ ಮಾತು ಒಳಸಂಬಂಧದ ಮದುವೆಗೆ ಬರುತ್ತದೆ. ‘ನಮ್ಮವ್ವನ್ನ ಸ್ವಾದರಮಾವಗ ಕೊಟ್ಟಾರ್ರಿ, ನಾ ಆರಾಮ ಅದೀನಲ್ಲ?’ ಎಂದು ಒಬ್ಬಳು ಕೇಳಿದರೆ, ಹಾಲಿನಲ್ಲಿ ಹಾಗೆಯೇ ಹುಟ್ಟಿದ ಇನ್ನಷ್ಟು ಜನ ತಲೆತಗ್ಗಿಸಿ ಕೂತಿರುತ್ತಾರೆ ಎಂದು ತಿಳಿಯಿರಿ. ಲೆಕ್ಕ ಸರಿಯಾಗಿ ಹೇಳಿ. ಅತ್ತೆ ಮಗಳು, ಮಾವನ ಮಗನಂಥ ಜೋಡಿ ತಮ್ಮ ವಂಶವಾಹಿಯಲ್ಲಿ ಎಂಟರಲ್ಲಿ ಒಂದು ಪಾಲು ಹಂಚಿಕೊಂಡಿರುತ್ತಾರೆ, ಸೋದರಮಾವ ಮತ್ತು ಅಕ್ಕನ ಮಗಳು ನಾಲ್ಕರಲ್ಲಿ ಒಂದು. ಒಂದೇ ದೋಷದ ಅಡಗಿದ ಪ್ರತಿ ಇಬ್ಬರಲ್ಲೂ ಇದ್ದರೆ ಪ್ರತಿ ಹೆರಿಗೆಯಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ 25 ಪ್ರತಿಶತ. ಯಾವ ಸಂಬಂಧವೂ ಇಲ್ಲದ ದಂಪತಿಗಳಲ್ಲಿಯೂ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದ ಏನಾದರೂ ತೊಂದರೆ ಇರುತ್ತದೆ. ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಅದಕ್ಕೆ ಇನ್ನೂ ಎರಡು ಮೂರು ಕೂಡುತ್ತದೆ, ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯಲ್ಲಿ ಅದಕ್ಕಿಂತ ಹೆಚ್ಚು. ಅಪಾಯ ಇದೆ, ಆದರೆ ಬಹಳಷ್ಟು ಮಕ್ಕಳು ಆರೋಗ್ಯವಾಗಿ ಹುಟ್ಟುತ್ತಾರೆ. ಎರಡೂ ಮಾತನ್ನು ಒಟ್ಟಿಗೆ ಹೇಳದಿದ್ದರೆ, ಸಂಖ್ಯೆ ನೋಡಿ ಮನುಷ್ಯನನ್ನು ಅಳೆಯಬಾರದೆಂದು ಕಲಿಸಲು ಬಂದವರು ಅದನ್ನೇ ಮಾಡಿದಂತಾಗುತ್ತದೆ.

ಜಾತಿಯ ಮಾತೂ ಬರುತ್ತದೆ, ಬರಲಿ. ಸಿನಿಮಾದಲ್ಲಿ ಜೀನಭೇದ ಕಾನೂನಿಗೆ ವಿರುದ್ಧ. ಆದರೂ ಮಾದರಿ ಕೊಡದಿದ್ದರೆ ಬಾಗಿಲ ಹಿಡಿಕೆಯಿಂದ, ಕೈಕುಲುಕಿದ ಬೆವರಿನಿಂದ, ಅರ್ಜಿಯ ಮೇಲಿನ ಎಂಜಲಿನಿಂದ ತೆಗೆದುಕೊಳ್ಳುತ್ತಾರೆ ಎಂದು ವಿನ್ಸೆಂಟ್ ಹೇಳುತ್ತಾನೆ. ಇದನ್ನು ಕೇಳಿಸಿ, ಬಾಡಿಗೆ ಮನೆ ನೋಡಲು ಹೋದವನಿಗೆ ಮಾಲೀಕ ‘ನಿಮ್ಮ ಅಡ್ಡಹೆಸರೇನ್ರಿ?’ ಎನ್ನುವುದನ್ನು ನೆನಪಿಸಿ. ನೇರ ಕೇಳದೆ ತಿಳಿದುಕೊಳ್ಳುವ ದಾರಿ ಅದು. ಹೋಲಿಕೆ ಅಲ್ಲಿಗೆ ನಿಲ್ಲಲಿ. ಜಾತಿಗೆ ಯಾವ ಪ್ರಯೋಗಾಲಯವೂ ಬೇಕಾಗಿಲ್ಲ, ಅದಕ್ಕೆ ವಂಶವಾಹಿಯ ಆಧಾರವೂ ಇಲ್ಲ. ಯಾರ ಜಾತಿಯನ್ನೂ, ಮನೆಯ ಯಾರ ಕಾಯಿಲೆಯನ್ನೂ ಸಭೆಯಲ್ಲಿ ಕೇಳಬೇಡಿ.

ಕೊನೆಯಲ್ಲಿ ಗಾಲಿಕುರ್ಚಿಯ ಜೆರೋಮ್ ತಾನಾಗಿಯೇ ಪ್ರಾಣ ಕಳೆದುಕೊಳ್ಳುತ್ತಾನೆ. ಅಂಗವಿಕಲ ಪಾತ್ರಕ್ಕೆ ಸಾವನ್ನೇ ದಾರಿಯಾಗಿ ತೋರಿಸಿದ್ದು ಈ ಸಿನಿಮಾದ ದೊಡ್ಡ ಕೊರತೆ, ಅದನ್ನು ಬಾಯಿಬಿಟ್ಟು ಹೇಳಬೇಕು. ಎಲ್ಲ ಭೇದವನ್ನೂ ಖಂಡಿಸುವ ಕತೆ ಇಲ್ಲಿ ಬಂದು ಎಡವಿದೆ. ತೋರಿಸುವ ಮುಂಚೆ ಎಚ್ಚರಿಕೆ ಕೊಡಿ, ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416 ಬೋರ್ಡಿನ ಮೇಲೆ ಬರೆದಿಡಿ.

ಇಲ್ಲಿನ ಕಾನೂನು

ವೈದ್ಯನ ಕೋಣೆಯ ದೃಶ್ಯವನ್ನು ಕಾನೂನಿನ ಪಾಠಕ್ಕೆ ಇಟ್ಟುಕೊಳ್ಳಿ. ತಂದೆತಾಯಿ ಕೇಳಿರುವುದು ಕಂದುಹಸಿರು ಕಣ್ಣು, ಕಪ್ಪು ಕೂದಲು, ಬಿಳಿ ಮೈಬಣ್ಣ. ಜೊತೆಗೆ ವಿನ್ಸೆಂಟ್‌ಗೆ ಆಡಲು ತಮ್ಮ ಬೇಕು. ಭಾನುವಾರದ ಪತ್ರಿಕೆಯ ವಧೂವರ ಪುಟ ತರಿಸಿ, ಹೆಸರು ಮತ್ತು ಫೋನ್ ನಂಬರಿನ ಮೇಲೆ ಕಪ್ಪು ಬಳಿದು, ಬಣ್ಣ ಕೇಳಿದವರೆಷ್ಟು ಎಂದು ಎಣಿಸಲು ಕೊಡಿ.

ಅವರ ಕೋರಿಕೆಗಳಲ್ಲಿ ಒಂದೂ ಭಾರತದಲ್ಲಿ ನಡೆಯುವುದಿಲ್ಲ. 1994ರ ಪಿಸಿಪಿಎನ್‌ಡಿಟಿ ಕಾಯಿದೆ ಲಿಂಗ ಆಯ್ಕೆಯನ್ನು ನಿಷೇಧಿಸಿದೆ. 2003ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಗರ್ಭಧಾರಣೆಗೆ ಮುಂಚಿನ ಆಯ್ಕೆಯೂ ಅದರೊಳಗೆ ಬಂತು. ಸ್ಕ್ಯಾನಿಂಗ್ ಸೆಂಟರಿನ ಗೋಡೆಯ ಬೋರ್ಡನ್ನು ಎಲ್ಲರೂ ನೋಡಿದ್ದಾರೆ, ಅದು ಈ ಕಾಯಿದೆಯದೇ. 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯಿದೆಯ ಪ್ರಕಾರ ಭ್ರೂಣದ ವಂಶವಾಹಿ ಪರೀಕ್ಷೆ ಮಾಡಬಹುದಾದದ್ದು ತಿಳಿದಿರುವ ಆನುವಂಶಿಕ ಕಾಯಿಲೆಗೆ ಮಾತ್ರ, ಕಣ್ಣಿನ ಬಣ್ಣಕ್ಕಲ್ಲ. ತಿದ್ದಿದ ಭ್ರೂಣದಿಂದ ಮಕ್ಕಳು ಹುಟ್ಟಿದ್ದು ಚೀನಾದಲ್ಲಿ, 2018ರಲ್ಲಿ. ಅದನ್ನು ಮಾಡಿದ ಹೆ ಜಿಯಾನ್‌ಕುಯಿಗೆ ಮರುವರ್ಷ ಮೂರು ವರ್ಷದ ಸಜೆಯಾಯಿತು.

ಭೇದದ ವಿಷಯಕ್ಕೆ ಅಮೆರಿಕದಲ್ಲಿ 2008ರ ಕಾನೂನು ನೌಕರಿ ಮತ್ತು ಆರೋಗ್ಯವಿಮೆಯಲ್ಲಿ ಜೀನಭೇದ ತಡೆಯುತ್ತದೆ, ಜೀವವಿಮೆಗೆ ಅದು ಅನ್ವಯಿಸುವುದಿಲ್ಲ. ನಮ್ಮಲ್ಲಿ 2018ರಲ್ಲಿ ದೆಹಲಿ ಹೈಕೋರ್ಟ್, ಆನುವಂಶಿಕ ಕಾಯಿಲೆ ಎಂದು ಸಾರಾಸಗಟು ಆರೋಗ್ಯವಿಮೆ ನಿರಾಕರಿಸುವುದು ತಾರತಮ್ಯ ಎಂದಿತು. ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತರೋಗದ ನಿರ್ಮೂಲನೆಗೆ 2023ರಲ್ಲಿ ಶುರುವಾದ ಅಭಿಯಾನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡು, ಫಲಿತಾಂಶದ ಕಾರ್ಡ್ ಕೊಡುತ್ತಿದೆ. ಕರ್ನಾಟಕವೂ ಅದರಲ್ಲಿದೆ. ರೋಗ ತಡೆಯಲು ಒಳ್ಳೆಯ ಕೆಲಸ ಅದು. ಆ ಕಾರ್ಡನ್ನು ಮದುವೆಯ ಮಾತುಕತೆಯಲ್ಲಿ ಯಾರು ಯಾರಿಗೆ ತೋರಿಸಬೇಕು, ನೌಕರಿ ಕೊಡುವವನು ಕೇಳಿದರೆ ಏನು ಹೇಳಬೇಕು ಎಂಬುದನ್ನು ಸಣ್ಣ ಗುಂಪು ಮಾಡಿ ಬರೆಸಿ. ಹದಿನೈದು ನಿಮಿಷ ಸಾಕು. ಗುಂಪಿಗೆ ಐದು ಜನಕ್ಕಿಂತ ಹೆಚ್ಚಾದರೆ ಇಬ್ಬರು ಬರೆದು ಉಳಿದವರು ಮೊಬೈಲ್ ನೋಡುತ್ತಾರೆ.

ಎಲ್ಲ ಮುಗಿದ ಮೇಲೆ ಹಾಲಿನ ದೀಪ ಆರಿಸುವ ಅವಸರ ಬೇಡ, ಅರ್ಧ ಗಂಟೆ ಅಲ್ಲೇ ಇರಿ. ಮನೆಯಲ್ಲಿ ಕಾಯಿಲೆ ಇರುವ ಹುಡುಗನೋ, ಸಂಬಂಧದಲ್ಲಿ ಮದುವೆ ಗೊತ್ತಾದ ಹುಡುಗಿಯೋ ಒಬ್ಬರಾಗಿ ಬಂದು ಮಾತನಾಡಿಸುವುದುಂಟು. ಅವರಿಗೆ ಶೇಕಡಾವಾರು ಹೇಳಲು ಹೋಗಬೇಡಿ. ಮನೆಯಲ್ಲಿ ಯಾರಿಗೆ ಯಾವ ವಯಸ್ಸಿನಲ್ಲಿ ಏನಾಯಿತು ಎಂದು ಮೂರು ತಲೆಮಾರಿನ ವಂಶವೃಕ್ಷವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಮೆಡಿಕಲ್ ಕಾಲೇಜು ಆಸ್ಪತ್ರೆಯ ವೈದ್ಯರ ಹತ್ತಿರ ಆನುವಂಶಿಕ ಸಲಹೆ ಕೇಳಲು ಹೇಳಿ. ಹದಿನೆಂಟರೊಳಗಿನ ತಮ್ಮ ತಂಗಿಯ ಬಗ್ಗೆ ಕೇಳಿದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ನೋಡಿಕೊಳ್ಳುವ ಡಿಇಐಸಿ ಕೇಂದ್ರಕ್ಕೆ ಕಳಿಸಿ. ಆ ಹಾಳೆಯನ್ನು ಅವರ ಕೈಯಲ್ಲೇ ಬಿಡಿ, ನಕಲು ಇಟ್ಟುಕೊಳ್ಳಬೇಡಿ.